ಅಳಿವೆಯಲ್ಲಿ ನೆಟ್ಟ ಕಾಂಡ್ಲಾ (ಮ್ಯಾಂಗ್ರೋವ್) ಏಕೆ ಉಳಿಯುವುದಿಲ್ಲ? ನೆಡುವ ಮೊದಲು ಏನೇನು ನೋಡಬೇಕು?

ಹೊಳೆಸಾಲು

ಕುಮಟಾ, ಹೊನ್ನಾವರ ಕಡೆ ಮಳೆಗಾಲ ಬಂತೆಂದರೆ ಸಂಘಗಳು, ಶಾಲೆಗಳು ಸೇರಿ ಕಾಂಡ್ಲಾ ನೆಡುವುದು ಈಗ ವಾಡಿಕೆಯಾಗಿದೆ. ನೆಟ್ಟ ದಿನ ಫೋಟೊ ಬರುತ್ತದೆ. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ಎಷ್ಟೋ ಕಡೆ ಬರೀ ಕೆಸರು. ಈ ಸಲ ಅಘನಾಶಿನಿ ಅಳಿವೆಯಲ್ಲಿ, ಇಳಿತದಲ್ಲಿ ಮೇಲೆ ಕಾಣುವ ಬಯಲು ಕೆಸರುದಿಬ್ಬದ ಮೇಲೆ ಐದು ಸಾವಿರ ಕೋಡು (ಮರದ ಮೇಲೇ ಮೊಳೆತ ಉದ್ದನೆಯ ಕಾಂಡ್ಲಾ ಸಸಿ) ಊರುವ ಮಾತುಕತೆ ನಡೆದಿದೆ. ಆ ಜಾಗ ಸರಿಯೇ? ಕೋಡು ಯಾವಾಗ ಆರಿಸಬೇಕು, ಎಷ್ಟು ದೂರಕ್ಕೊಂದು? ಕಟ್ಟೆ ಒಡೆದು ಪಾಳುಬಿದ್ದ ಗಜನಿಯಲ್ಲಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ನೆಡಬಹುದೇ? ಸಮುದ್ರ ಏರುತ್ತಿರುವಾಗ ಇದಕ್ಕೆಲ್ಲ ಅರ್ಥ ಇದೆಯೇ ಎಂದು ಕೇಳುವವರಿಗೆ ಏನು ಹೇಳುವುದು? ತಿಳಿದವರು ಬಿಡಿಸಿ ಬರೆಯಿರಿ.

ಭರತರೇಖೆ

ಮೊದಲ ಪ್ರಶ್ನೆಗೇ ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಬಯಲು ಕೆಸರುದಿಬ್ಬ ಬೇಡ. ಅಲ್ಲಿ ಕಾಂಡ್ಲಾ ತಾನಾಗಿ ಏಕೆ ಬೆಳೆದಿಲ್ಲ ಎಂದು ಯೋಚಿಸಿ. ಅಳಿವೆ ತುಂಬ ತೇಲುವ ಕೋಡುಗಳಿಗೆ ಪ್ರತಿ ವರ್ಷ ಆ ದಿಬ್ಬ ಸಿಗುತ್ತದೆ. ಆದರೂ ಒಂದೂ ನೆಲೆ ನಿಂತಿಲ್ಲ ಎಂದರೆ ನೆಲದ ಮಟ್ಟ ತೀರಾ ತಗ್ಗು, ಅಥವಾ ಅಲೆಯ ಹೊಡೆತ ಜಾಸ್ತಿ.

ಕಾಂಡ್ಲಾ ಗಿಡಗಳು ನೀರಲ್ಲಿ ಬದುಕುವ ಗಿಡಗಳಲ್ಲ, ನೀರು ಬಂದು ಹೋಗುವ ನೆಲದ ಗಿಡಗಳು. ಭರತ–ಇಳಿತದ ಅಂತರದಲ್ಲಿ ಮೇಲಿನ ಅರ್ಧ ಅವುಗಳದ್ದು: ಸರಾಸರಿ ಸಮುದ್ರಮಟ್ಟದಿಂದ ಹುಣ್ಣಿಮೆ–ಅಮಾವಾಸ್ಯೆಯ ದೊಡ್ಡ ಭರತ ಮುಟ್ಟುವ ಗೆರೆಯವರೆಗೆ. ಎಳೆ ಗಿಡ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಮುಳುಗಿದ್ದರೆ ಬೇರಿಗೆ ಗಾಳಿ ಸಾಲದು. ನಮ್ಮ ಕರಾವಳಿಯಲ್ಲಿ ದೊಡ್ಡ ಭರತದ ದಿನವೂ ಏರಿಳಿತ ಹೆಚ್ಚುಕಡಿಮೆ ಒಂದೂವರೆ–ಎರಡು ಮೀಟರ್ ಅಷ್ಟೇ. ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಮುಟ್ಟುತ್ತದೆ, ಅಲ್ಲಿ ಒಂದಡಿ ತಪ್ಪಿದರೂ ನಡೆಯುತ್ತದೆ. ಇಲ್ಲಿ ಒಂದು ಗೇಣು ತಗ್ಗಿಗೆ ಹೋದರೂ ಗಿಡ ಸಾಯುತ್ತದೆ.

ಮಟ್ಟ ನೋಡಲು ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರು ಬಳಸುವ ತಿಳಿ ಪೈಪು ಸಾಕು. ಹತ್ತಿರದಲ್ಲಿ ತಾನಾಗಿ ಬೆಳೆದ ಉಪ್ಪಟಿ (ಇದೂ ಒಂದು ಕಾಂಡ್ಲಾ ಜಾತಿ) ಅಥವಾ ಬೇರೆ ಕಾಂಡ್ಲಾ ಇರುವ ಜಾಗ ಹುಡುಕಿ. ಹೊಳೆಯ ಕಡೆಗೆ ಕಟ್ಟಕಡೆಯಲ್ಲಿ ನಿಂತ, ಎರಡು–ಮೂರು ವರ್ಷದ ಆರೋಗ್ಯವಾದ ಎಳೆ ಗಿಡದ ಬುಡದಲ್ಲಿ ಒಂದು ಗೂಟ ಹೊಡೆಯಿರಿ. ದೊಡ್ಡ ಮರ ಲೆಕ್ಕಕ್ಕೆ ಬೇಡ. ಅದು ಹುಟ್ಟಿದಾಗ ನೆಲ ಬೇರೆ ಮಟ್ಟದಲ್ಲಿ ಇದ್ದಿರಬಹುದು. ಆ ಗೂಟದಿಂದ ಪೈಪಿನ ನೀರಿನ ಮಟ್ಟ ಹಿಡಿದು ನೆಡಬೇಕೆಂದಿರುವ ಜಾಗಕ್ಕೆ ಬನ್ನಿ. ದೂರವಿದ್ದರೆ ಮಧ್ಯೆ ಮಧ್ಯೆ ಗೂಟ ಹೊಡೆದು ದಾಟಿಸಿ. ನಿಮ್ಮ ಜಾಗ ಆ ಬುಡಕ್ಕಿಂತ ತಗ್ಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ಇಂಚುಗಟ್ಟಲೆ ತಪ್ಪುತ್ತದೆ, ಅದೊಂದು ಜಾಗ್ರತೆ.

ಹೊಳೆ ಅಗಲವಾಗಿದ್ದು ಪೈಪು ಎಳೆಯಲಾಗದಿದ್ದರೆ ಅಲೆಯಿಲ್ಲದ ದಿನ ಎರಡೂ ಕಡೆ ಬಣ್ಣದ ಗೆರೆ ಎಳೆದ ಬಿದಿರು ನಿಲ್ಲಿಸಿ, ಭರತದ ನೀರು ನಿಂತ ಕ್ಷಣದಲ್ಲಿ ಎರಡು ಕಡೆಯೂ ಆಳ ಅಳೆದು ಹೋಲಿಸಬಹುದು.

ಬಳಚುದಿಬ್ಬ

ಭರತರೇಖೆಯವರ ಮಾತಿಗೆ ಇನ್ನೊಂದು ಸೇರಿಸಬೇಕು. ಆ ಕೆಸರುದಿಬ್ಬ ಖಾಲಿ ಜಾಗ ಅಲ್ಲ. ಅಘನಾಶಿನಿಯ ಬಳಚು (ತಿನ್ನುವ ಚಿಪ್ಪುಜೀವಿ) ಸಿಗುವುದು ಅಂಥ ದಿಬ್ಬಗಳಲ್ಲೇ. ಇಳಿತದ ಹೊತ್ತಲ್ಲಿ ಬುಟ್ಟಿ ಹಿಡಿದು ಇಳಿಯುವ ಹೆಂಗಸರ ದಿನದ ಸಂಪಾದನೆ ಅಲ್ಲಿದೆ. ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳು ಹುಳ ಹೆಕ್ಕುವುದೂ ಅಲ್ಲೇ. ಅಲ್ಲಿ ಒತ್ತೊತ್ತಾಗಿ ಕಾಂಡ್ಲಾ ಊರಿ, ಅದೃಷ್ಟಕ್ಕೆ ಅದು ಬದುಕಿತು ಅಂತಲೇ ಇಟ್ಟುಕೊಳ್ಳಿ. ಬೇರಿನ ಜಾಲಕ್ಕೆ ನುಣುಪು ಹೂಳು ಸಿಕ್ಕಿ ದಿಬ್ಬ ಏರುತ್ತದೆ, ಮರಳು ಮಿಶ್ರಿತ ನೆಲ ಬೇಕಾದ ಬಳಚು ಹೋಗುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಸುಮಾರು 4,800 ಹೆಕ್ಟೇರ್. ಪಟ್ಟಿಗೆ ಸೇರಿದ್ದು ಕಾಂಡ್ಲಾ ಒಂದರಿಂದಲ್ಲ. ಕಾಂಡ್ಲಾ, ಕೆಸರುಬಯಲು, ಗಜನಿ, ಹೊಳೆ ಎಲ್ಲ ಸೇರಿ ಅಳಿವೆ.

ಫಿಲಿಪ್ಪೀನ್ಸ್‌ನಲ್ಲಿ ಇದೇ ಆಯಿತು. ದಶಕಗಟ್ಟಲೆ ದೊಡ್ಡ ದೊಡ್ಡ ನೆಡುತೋಪು ಮಾಡಿದರು. ಸಿಗಡಿ ಕೊಳಗಳಾಗಿ ಹೋದ ಮೂಲ ಕಾಂಡ್ಲಾ ನೆಲ ಖಾಸಗಿಯವರ ಕೈಯಲ್ಲಿತ್ತು, ಅದು ಸಿಗಲಿಲ್ಲ. ತಕರಾರಿಲ್ಲದೆ ಸಿಗುವ ತಗ್ಗು ಕೆಸರುಬಯಲಲ್ಲಿ, ಕಡಲಹುಲ್ಲಿನ ಮೇಲೆ ಊರಿದರು. ಉಳಿದದ್ದು ನೂರಕ್ಕೆ ಹತ್ತು–ಇಪ್ಪತ್ತು.

ನರ್ಸರಿಮನೆ

ಕೋಡಿನ ಬಗ್ಗೆ ನಾನು ಬರೆಯುತ್ತೇನೆ.

ದೊಡ್ಡ ಕಾಂಡ್ಲಾ (ರೈಜೋಫೋರಾ ಮ್ಯುಕ್ರೊನೇಟಾ) ಕೋಡು ಮೇ ಕೊನೆಯಿಂದ ಆಗಸ್ಟ್ ತನಕ ಬಲಿಯುತ್ತದೆ. ಉದ್ದ ನೋಡಿ ಕೀಳಬೇಡಿ. ಮೇಲಿನ ಕಂದು ಕಾಯಿಗೂ ಹಸಿರು ಕೋಡಿಗೂ ನಡುವೆ ಹಳದಿ ಕೊರಳಪಟ್ಟಿ ಇಣುಕಿದರೆ ಬಲಿತಿದೆ ಎಂದರ್ಥ. ಸಣ್ಣ ಎಲೆಯ ರೈಜೋಫೋರಾ ಅಪಿಕ್ಯುಲೇಟಾದಲ್ಲಿ ಆ ಪಟ್ಟಿ ಕೆಂಪುಛಾಯೆಗೆ ತಿರುಗುತ್ತದೆ. ಮರ ಮೆಲ್ಲಗೆ ಅಲುಗಿಸಿದರೆ ಬೀಳುವುದು ಬಲಿತದ್ದು, ಜಗ್ಗಿದರೂ ಬಾರದ್ದು ಬಿಡಬೇಕಾದದ್ದು. ಎಳೆ ಕೋಡಿನ ತಲೆಯಲ್ಲಿ ಮೊಗ್ಗು ಪೂರ್ತಿ ಕೂಡಿಕೊಂಡಿರುವುದಿಲ್ಲ. ಕಾಯಿ ಎಳೆದು ತೆಗೆದರೆ ಮೊಗ್ಗೂ ಮುರಿದು ಬರುತ್ತದೆ. ನೆಟ್ಟ ಮೇಲೆ ತಿಂಗಳುಗಟ್ಟಲೆ ಹಸಿರಾಗೇ ಇರುತ್ತದೆ, ಎಲೆ ಮಾತ್ರ ಬರುವುದಿಲ್ಲ. ಇದನ್ನು ರೋಗ ಅಂದುಕೊಳ್ಳುವವರು ಬಹಳ.

ಕಾಯಿ ತಾನಾಗಿ ಕಳಚಲಿ. ತುದಿ ಕೊಳೆತದ್ದು, ಹುಳ ಕೊರೆದ ತೂತು ಇರುವುದು ತೆಗೆದುಹಾಕಿ. ನೆರಳಲ್ಲಿ, ಒದ್ದೆ ಗೋಣಿ ಮುಚ್ಚಿ ಕೆಲವು ದಿನ ಇಡಬಹುದು, ಬಿಸಿಲಿಗೆ ಬಿದ್ದರೆ ಮುಗಿಯಿತು. ಏಡಿ ಕಾಟ ಇರುವಲ್ಲಿ ಹೀಗೆ ಕೆಲವು ದಿನ ನೆರಳಲ್ಲಿ ಇಟ್ಟ ಕೋಡನ್ನು ಏಡಿ ಅಷ್ಟಾಗಿ ಕಡಿಯುವುದಿಲ್ಲ, ಹೊಸ ಕೋಡಿನ ರಸಕ್ಕೆ ಹೆಚ್ಚು ಬರುತ್ತದೆ. ಏಡಿ ಬುಡದ ಸುತ್ತ ಸಿಪ್ಪೆ ಸುಲಿದರೆ ಗಿಡ ನಿಂತಲ್ಲೇ ಒಣಗುತ್ತದೆ.

ನೇರವಾಗಿ ಊರುವಾಗ ಚೂಪು ತುದಿ ಕೆಳಗೆ, ಉದ್ದದ ಕಾಲು ಭಾಗದಿಂದ ಮೂರನೇ ಒಂದು ಭಾಗ ಕೆಸರಿಗೆ. ಆಳ ಜಾಸ್ತಿಯಾದರೆ ಕೊಳೆಯುತ್ತದೆ, ಕಡಿಮೆಯಾದರೆ ಮೊದಲ ದೊಡ್ಡ ಭರತಕ್ಕೇ ತೇಲುತ್ತದೆ. ಹಾಗಾಗಿ ಹುಣ್ಣಿಮೆ–ಅಮಾವಾಸ್ಯೆ ಕಳೆದು ಸಣ್ಣ ಭರತ ಶುರುವಾಗುವ ದಿನ ಊರಿ. ಬೇರು ಹಿಡಿಯಲು ಒಂದು ವಾರ ಸಿಗುತ್ತದೆ. ಎರಡು ಮೀಟರಿಗೊಂದರಂತೆ ಹೆಕ್ಟೇರಿಗೆ 2,500, ಒಂದೂವರೆ ಮೀಟರಿಗಾದರೆ 4,444. ಒಂದು ಮೀಟರ್ ಅಂತರದ 10,000 ಕಟ್ಟೆಯ ಹೊರಮೈಗೆ ಮಾತ್ರ.

ಉಪ್ಪಟಿ (ಅವಿಸೀನಿಯಾ) ಬೀಜದ ದಾರಿ ಬೇರೆ. ಒಂದು ದಿನ ನೀರಲ್ಲಿಟ್ಟರೆ ಸಿಪ್ಪೆ ಬಿಡುತ್ತದೆ. ಹೊಳೆ ಕೆಸರು ತುಂಬಿದ, ತಳದಲ್ಲಿ ತೂತಿರುವ ಚೀಲದ ಮೇಲೆ ಮೊಳಕೆ ಕಡೆ ಕೆಳಗೆ ಮಾಡಿ ಮೆಲ್ಲಗೆ ಒತ್ತಿ, ಹೂಳಬಾರದು. ಭರತದ ನೀರು ದಿನಕ್ಕೊಮ್ಮೆ ಬಂದು ಹೋಗುವ ದಂಡೆಯಲ್ಲಿ ಮಡಿ ಮಾಡಿದರೆ ನೀರು ಹಾಕುವ ಕೆಲಸವೂ ಇಲ್ಲ.

ಹೊಳೆಸಾಲು

ಬಾರ್ನಕಲ್ ಬಗ್ಗೆ ಹೇಳಲಿಲ್ಲ. ಮೊದಲ ಬೇಸಗೆಗೇ ಕಾಂಡದ ತುಂಬ ಸುಣ್ಣದ ಗುಬುಟು ಹತ್ತಿ ಗಿಡ ಬಾಗಿಬಿಡುತ್ತದೆ. ಕೆರೆದು ತೆಗೆಯಬೇಕೇ?

ನರ್ಸರಿಮನೆ

ಕೆರೆದರೆ ಸಿಪ್ಪೆ ಗಾಯವಾಗುತ್ತದೆ, ತಿಂಗಳೊಳಗೆ ಮತ್ತೆ ಹತ್ತುತ್ತದೆ. ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಕಡಿಮೆ, ನೀರು ಉಪ್ಪಾದ ಮೇಲೆ ಜಾಸ್ತಿ. ಆದರೆ ಮುಖ್ಯ ವಿಷಯ ಬೇರೆ: ಬಾರ್ನಕಲ್ ಹೆಚ್ಚು ಹೊತ್ತು ನೀರಲ್ಲಿರುವ ಕಡೆಯೇ ದಟ್ಟವಾಗಿ ಕೂರುತ್ತದೆ. ಗಿಡದ ತುಂಬ ಅದೇ ಇದ್ದರೆ ಭರತರೇಖೆಯವರ ಪೈಪು ಹಿಡಿಯದೆ ನೆಟ್ಟಿದ್ದೀರಿ ಎಂದೇ ಲೆಕ್ಕ.

ಗಜನಿಕಟ್ಟೆ

ಪಾಳು ಗಜನಿ ವಿಚಾರ. ಇಲ್ಲಿ ಭಾವನೆ, ಕಾಯಿದೆ, ಹೊಟ್ಟೆಪಾಡು ಮೂರೂ ಕಲಸಿಕೊಂಡಿವೆ, ಸ್ವಲ್ಪ ವಿವರವಾಗಿ ಹೇಳಬೇಕು.

ಗಜನಿ ಎಂದರೆ ಹೊಳೆಗೆ ಒಡ್ಡು ಕಟ್ಟಿ, ಜಂತ್ರಡಿ (ಹಲಗೆಯ ತೂಬು) ಇಟ್ಟು ಭರತದ ನೀರನ್ನು ಹಿಡಿತದಲ್ಲಿಟ್ಟ ಗದ್ದೆ. ಮಳೆ ಬಿದ್ದು ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಜಂತ್ರಡಿ ತೆರೆದು ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಕೊಳೆತ ಕೂಳೆಯೇ ಮೀನಿಗೆ ಆಹಾರ, ಮೀನಿನ ಹಿಕ್ಕೆಯೇ ಮುಂದಿನ ಕಗ್ಗಕ್ಕೆ ಗೊಬ್ಬರ. ಗೊಬ್ಬರ, ಔಷಧಿ ಏನೂ ಕೊಳ್ಳಬೇಕಾಗಿರಲಿಲ್ಲ. ಒಡ್ಡಿನ ಹೊರಮೈಗೆ ಕಾಂಡ್ಲಾ ಇತ್ತು, ಅಲೆ ಒಡ್ಡಿಗೆ ನೇರ ಹೊಡೆಯುತ್ತಿರಲಿಲ್ಲ. 1990ರ ದಶಕದಲ್ಲಿ ವರ್ಷಪೂರ್ತಿ ಸಿಗಡಿ ಸಾಕುವ ಆಸೆ ಬಂತು. ಹಲವೆಡೆ ಹೊರಗಿನ ಕಾಂಡ್ಲಾ ಹೋಯಿತು, ಉಪ್ಪುನೀರು ಹೊರಗೆ ಬಿಡಲೇ ಇಲ್ಲ. ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತ ಮೇಲೆ ಗದ್ದೆ ಭತ್ತಕ್ಕೂ ಇಲ್ಲ, ಸಿಗಡಿಗೂ ಇಲ್ಲ. ನೋಡಿಕೊಳ್ಳುವವರಿಲ್ಲದೆ ಒಡ್ಡು ಒಡೆಯಿತು. ಈಗ ಅಂಥ ಗದ್ದೆಗಳಲ್ಲಿ ಕಾಂಡ್ಲಾ ತಾನಾಗಿ ಬೆಳೆಯುತ್ತಿದೆ.

ನೆಡುವವರಿಗೆ ಇದು ಒಳ್ಳೆಯ ಸುದ್ದಿ, ಗದ್ದೆ ಮಾಲೀಕರಿಗೆ ಅಲ್ಲ. ಕಾಂಡ್ಲಾ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮವಾದ 1ಎ ದರ್ಜೆಗೆ ಬರುತ್ತದೆ. 1,000 ಚದರ ಮೀಟರಿಗಿಂತ ದೊಡ್ಡ ತೋಪಾದರೆ ಸುತ್ತ 50 ಮೀಟರ್ ಕಾಪುಪಟ್ಟಿಯ ನಿಯಮವೂ ಇದೆ. ಕಡಿದರೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ದಂಡ ಬೀಳಬಹುದು. ಅದಕ್ಕೇ ರೈತರು ಎಳೆ ಗಿಡ ಕಂಡರೆ ಹೆದರುತ್ತಾರೆ. ಪಟ್ಟಾ ಇರುವ ಗಜನಿಯಲ್ಲಿ ಮಾಲೀಕರೆಲ್ಲರ ಬರಹದ ಒಪ್ಪಿಗೆ ಇಲ್ಲದೆ ಒಂದು ಕೋಡೂ ಊರಬೇಡಿ. ಒಂದು ಗಜನಿಗೆ ಹತ್ತಾರು ಪಾಲುದಾರರು, ಕೆಲವರು ಊರಲ್ಲೇ ಇಲ್ಲ. ಒಬ್ಬರು ಹೂಂ ಅಂದರೆಂದು ಶುರುಮಾಡಿದರೆ ಆ ಊರಲ್ಲಿ ಕಾಂಡ್ಲಾ ಎಂಬ ಮಾತೇ ಮುಂದೆ ನಡೆಯುವುದಿಲ್ಲ.

ಕಗ್ಗ ಬೆಳೆಯುವ ಮನಸ್ಸಿರುವ ಗಜನಿಯನ್ನು ಗಜನಿಯಾಗೇ ಉಳಿಸುವುದು ಉತ್ತಮ. ಏಪ್ರಿಲ್–ಮೇ ತಿಂಗಳಲ್ಲಿ ಒಡ್ಡಿಗೆ ಕೆಸರು ಮೆತ್ತಿ, ಜಂತ್ರಡಿ ಹಲಗೆ ಬದಲಿಸಿದರೆ ಗದ್ದೆಯೊಳಗೆ ಕೋಡು ನೆಲೆ ನಿಲ್ಲುವುದಿಲ್ಲ. ಕಾಂಡ್ಲಾ ಒಡ್ಡಿನ ಹೊರಮೈಗೆ, ಕಗ್ಗ ಒಳಗೆ.

ಕುಂದಾಪುರದ ದಂಡೆ

ಒಡ್ಡಿನ ಹೊರಮೈ ಎಂಬ ಮಾತಿಗೆ ನನ್ನ ಪೂರ್ಣ ಬೆಂಬಲ. ನಮ್ಮ ಪಂಚಗಂಗಾವಳಿ ಹೊಳೆಯ ದಂಡೆಗಳಲ್ಲಿ ಇದೇ ಪದ್ಧತಿ ಫಲ ಕೊಟ್ಟಿದೆ. ಆದರೆ ಈ ಚರ್ಚೆ ಓದಿದವರು ನೆಡುವುದೇ ತಪ್ಪು ಅಂದುಕೊಳ್ಳಬಾರದು. ಕೊರೆತ ಇರುವ ದಂಡೆಯಲ್ಲಿ ತಾನಾಗಿ ಬೆಳೆಯಲಿ ಎಂದು ಕಾದರೆ ದಂಡೆಯೇ ಇರುವುದಿಲ್ಲ. ಕಲ್ಲಿನ ಕಟ್ಟೆಯ ಬುಡದಲ್ಲಿ ಮೊದಲು ಬಿದಿರಿನ ತಡಿಕೆ ಕಟ್ಟಿ, ಹಿಂದೆ ಹೂಳು ಕೂತ ಮೇಲೆ ಎರಡನೇ ವರ್ಷ ನೆಡಬೇಕು. ಕಲ್ಲಿಗೆ ಅಂಟಿಸಿ ನೆಟ್ಟರೆ ಅಲೆ ಕಲ್ಲಿಗೆ ಹೊಡೆದು ವಾಪಸು ಬರುವಾಗ ಬುಡದ ಮಣ್ಣು ಕಿತ್ತೊಯ್ಯುತ್ತದೆ. ಕನಿಷ್ಠ ಎರಡು–ಮೂರು ಮೀಟರ್ ಬಿಟ್ಟು ಶುರುಮಾಡಿ.

ಇನ್ನೊಂದು, ಒಂದೇ ಜಾತಿ ಬೇಡ. ಕೋಡು ದೊಡ್ಡದು, ಊರುವುದು ಸುಲಭ ಎಂದು ಎಲ್ಲ ಕಡೆ ರೈಜೋಫೋರಾ. ಅದನ್ನು ಕತ್ತರಿಸಿದರೆ ಬುಡದಿಂದ ಚಿಗುರುವುದಿಲ್ಲ, ಉಪ್ಪಟಿ ಚಿಗುರುತ್ತದೆ. ಹೊಳೆ ಮೇಲ್ಭಾಗದ ಸಿಹಿ ನೀರಿಗೆ ಸೊನ್ನರೇಷಿಯಾ ಕೇಸಿಯೋಲಾರಿಸ್, ದಂಡೆಯ ಎತ್ತರದ ಕಡೆಗೆ ಎಕ್ಸಿಕೇರಿಯಾ. ಎಕ್ಸಿಕೇರಿಯಾದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಮಕ್ಕಳ ಕೈಗೆ ಆ ಕೆಲಸ ಕೊಡಬೇಡಿ. ಹೊಳೆಚುಳ್ಳಿ ಪೊದೆಯನ್ನು ಕಳೆ ಎಂದು ಕಿತ್ತು ಹಸನು ಮಾಡುವುದೂ ಬೇಡ. ತೇಲಿ ಬಂದ ಬೀಜ ತಡೆದು ನಿಲ್ಲಿಸುವುದೇ ಅದು.

ಹೂಳುಲೆಕ್ಕ

ಸಮುದ್ರ ಏರುವ ಪ್ರಶ್ನೆಗೆ ಬರುತ್ತೇನೆ. ಕಾಂಡ್ಲಾ ಕಾಡಿನ ನೆಲ ಸುಮ್ಮನೆ ಇರುವುದಿಲ್ಲ. ಬೇರು ಹೂಳನ್ನು ಹಿಡಿಯುತ್ತದೆ, ಸತ್ತ ಬೇರು ಗಾಳಿಯಾಡದ ಕೆಸರಲ್ಲಿ ಕೊಳೆಯದೆ ಉಳಿಯುತ್ತದೆ, ಹೀಗೆ ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್ ಏರುತ್ತದೆ. 2006ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ ವರ್ಷಕ್ಕೆ 3.7 ಮಿಲಿಮೀಟರ್ ಏರಿದೆ. ಕಳೆದ ಹತ್ತು ಸಾವಿರ ವರ್ಷಗಳ ಮಣ್ಣಿನ ಪದರಗಳನ್ನು ಓದಿ 2020ರಲ್ಲಿ ವಿಜ್ಞಾನಿಗಳು ಹೇಳಿದ್ದು, ಈ ವೇಗ 6.1 ಮಿಲಿಮೀಟರ್ ದಾಟಿದರೆ ಕಾಂಡ್ಲಾ ನೆಲ ಜೊತೆಗೆ ಏರುವುದು ಬಹುಮಟ್ಟಿಗೆ ಅಸಾಧ್ಯ ಎಂದು. ಅಂದರೆ ಈಗ ಅವಕಾಶ ಇದೆ, ಬಹಳ ಇಲ್ಲ.

ಏರಲು ಹೂಳು ಬೇಕು, ಹೂಳು ಬರುವುದು ಘಟ್ಟದಿಂದ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪ. ಅಣೆಕಟ್ಟು ಹೂಳನ್ನು ಹಿಡಿದಿಡುತ್ತದೆ. ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಗೆಯಲ್ಲೂ ಹರಿಯುವುದರಿಂದ ಶರಾವತಿ ಅಳಿವೆಯ ಉಪ್ಪು ಕಡಿಮೆಯಾಗಿ, ಉಪ್ಪು ಬೇಕಾದ ಚಿಪ್ಪುಜೀವಿಗಳಿಗೆ ಕಷ್ಟವಾಗಿದೆ, ಸಿಹಿ ನೀರು ತಾಳುವ ಸೊನ್ನರೇಷಿಯಾ ಮೇಲುಗೈ ಪಡೆದಿದೆ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಹೂಳು, ಸಿಹಿ, ಉಪ್ಪು ಮೂರೂ ಋತುವಿಗೆ ತಕ್ಕಂತೆ ಬರುತ್ತವೆ. ಆದ್ದರಿಂದಲೇ ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವ ಬಂದಾಗ ಕೆಳಗಿನ ಅಳಿವೆಯ ಲೆಕ್ಕವೂ ಮೇಜಿನ ಮೇಲೆ ಇರಬೇಕು ಎಂದು ಒತ್ತಾಯಿಸುವುದು. ಐದು ಸಾವಿರ ಕೋಡಿಗಿಂತ ಆ ಹರಿವು ದೊಡ್ಡದು.

ಕಾಡಿಗೆ ಇನ್ನೊಂದು ದಾರಿ ಹಿಂದೆ ಸರಿಯುವುದು. ಹಿಂದೆ ಕಲ್ಲಿನ ಗೋಡೆ, ರಸ್ತೆ, ಮನೆ ಇದ್ದರೆ ಎಲ್ಲಿಗೆ ಸರಿಯುವುದು? ನೆಡುವ ಹಣದಲ್ಲಿ ಒಂದು ಪಾಲು ಈ ಹಿಂಬದಿಯ ತಗ್ಗು ನೆಲ ತುಂಬದಂತೆ ಕಾಯುವುದಕ್ಕೆ ಇರಲಿ.

ನೀರು ಏರಿದರೆ ಮಾತ್ರ ಅಪಾಯ ಅಂತಲೂ ಅಲ್ಲ. 2015–16ರ ಎಲ್ ನಿನೊ ಹೊತ್ತಿಗೆ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಸಮುದ್ರಮಟ್ಟ ತಾತ್ಕಾಲಿಕವಾಗಿ ಇಳಿದು, ಮಳೆಯೂ ಕೈಕೊಟ್ಟು, ಸಾವಿರ ಕಿಲೋಮೀಟರ್ ದಂಡೆಯುದ್ದಕ್ಕೂ ಏಳು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡು ಒಣಗಿತು. ಕೊಡಲಿ ತಾಗದೆ ಸತ್ತ ಕಾಡು ಅದು.

ಭರತರೇಖೆ

ಮನುಷ್ಯರಿಂದಲೂ ಕೊಡಲಿ ತಾಗದೆ ಸಾಯುತ್ತದೆ. ಉಪ್ಪಟಿಯ ಸುತ್ತ ಕೆಸರಿಂದ ಪೆನ್ಸಿಲಿನಂತೆ ಮೇಲೆದ್ದ ಕಡ್ಡಿಗಳನ್ನು ನೋಡಿರುತ್ತೀರಿ. ಉಸಿರಾಟದ ಬೇರು ಅವು. ಸಾಮಾನ್ಯವಾಗಿ ಗೇಣುದ್ದಕ್ಕಿಂತ ಹೆಚ್ಚಿರುವುದಿಲ್ಲ. ದೋಣಿದಾರಿಯ ಹೂಳೆತ್ತಿ ಅಲ್ಲೇ ಪಕ್ಕಕ್ಕೆ ಸುರಿದರೆ ಕಡ್ಡಿ ಮುಚ್ಚುತ್ತದೆ. ರಸ್ತೆಗೆ ಮಣ್ಣು ಹಾಕಿ ಮೋರಿ ಬಿಡದಿದ್ದರೆ ಒಳಗೆ ನೀರು ನಿಂತು ಕಡ್ಡಿ ಮುಳುಗಿಯೇ ಇರುತ್ತದೆ. ಕೆಲವು ವಾರಗಳಲ್ಲಿ ಎಲೆ ಹಳದಿಯಾಗಿ ಉದುರುತ್ತದೆ, ಆಮೇಲೆ ಮೋರಿ ಇಟ್ಟರೂ ಆ ಮರ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆ, ಹರಿದ ಬಲೆ ಸಿಕ್ಕಿಕೊಂಡರೂ ಇದೇ ಗತಿ.

ಎಲೆಯೆಲ್ಲ ಹುಳ ತಿಂದು ಉಪ್ಪಟಿ ಬೋಳಾದರೆ ಮಾತ್ರ ಗಾಬರಿ ಬೇಡ. ತೇಗದ ಎಲೆ ತಿನ್ನುವ ಹುಳುವೇ ಅದು. ಮುಂಬೈ ಕಡೆ ಇದು ಆಗಾಗ ಕಾಣುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಔಷಧಿ ಹೊಡೆದರೆ ಏಡಿ, ಸಿಗಡಿ ಮರಿ ಸಾಯುತ್ತವೆ.

ನಿಂತ ನೀರಿನ ಜಾಗ ಸರಿಪಡಿಸುವುದಕ್ಕೆ ತಮಿಳುನಾಡಿನ ಪಿಚಾವರಂ ಮಾದರಿ ಇದೆ. ಅಲ್ಲಿ ಬ್ರಿಟಿಷರ ಕಾಲದಿಂದ ಸರದಿ ಪ್ರಕಾರ ಪೂರ್ತಿ ಕಡಿಯುತ್ತಿದ್ದರು. ಬಯಲಾದ ನೆಲ ಬಿಸಿಲಿಗೆ ಒಣಗಿ ಕುಸಿದು ತಗ್ಗಾಯಿತು, ಭರತದ ನೀರು ಅಲ್ಲೇ ನಿಂತು ಆವಿಯಾಗಿ ಉಪ್ಪು ವಿಪರೀತವಾಯಿತು. ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿದರು: ಹೊಳೆಗೆ ಸೇರುವ ಒಂದು ಮುಖ್ಯ ಕಾಲುವೆ, ಅದಕ್ಕೆ ಎರಡೂ ಬದಿಯಿಂದ ಓರೆಯಾಗಿ ಸೇರುವ ಚಿಕ್ಕ ಕಾಲುವೆಗಳು. ಗಿಡ ನೆಡುವುದು ಕಾಲುವೆಯ ಇಳಿಜಾರಿನ ನಡುಮಟ್ಟದಲ್ಲಿ. ಮೇಲೆ ನೆಟ್ಟರೆ ಒಣಗುತ್ತದೆ, ಕೆಳಗೆ ನೆಟ್ಟರೆ ಮುಳುಗುತ್ತದೆ. ವರ್ಷಕ್ಕೊಮ್ಮೆ ಹೂಳೆತ್ತದಿದ್ದರೆ ಕಾಲುವೆ ಮುಚ್ಚಿಹೋಗುತ್ತದೆ. ಯೋಜನೆಗಳಲ್ಲಿ ತೋಡುವ ಹಣ ಇರುತ್ತದೆ, ಎತ್ತುವ ಹಣ ಇರುವುದಿಲ್ಲ, ಕೇಳಿ ಪಡೆಯಬೇಕು.

ಹೊಳೆಸಾಲು

ಅಂದರೆ ದಿಬ್ಬ ಬಿಟ್ಟು ಒಡ್ಡಿನ ಹೊರಮೈ, ಸಂಖ್ಯೆ ಇಳಿಸಿ ಜಾತಿ ಹೆಚ್ಚಿಸುವುದು. ಸಭೆಯಲ್ಲಿ ಒಂದು ಆಕ್ಷೇಪ ಖಂಡಿತ ಬರುತ್ತದೆ: ಸರ್ಕಾರ 2023ರಲ್ಲಿ ಕಾಂಡ್ಲಾ ಬೆಳೆಸುವ ಮಿಷ್ಟಿ ಯೋಜನೆ ತಂದು ದೇಶದಲ್ಲಿ ಸುಮಾರು 540 ಚದರ ಕಿಲೋಮೀಟರ್ ಗುರಿ ಇಟ್ಟಿದೆ, ನೀವು ಕಡಿಮೆ ಮಾಡಿ ಅನ್ನುತ್ತೀರಲ್ಲ?

ಹೂಳುಲೆಕ್ಕ

2021ರ ಅರಣ್ಯ ಸಮೀಕ್ಷೆಯಲ್ಲಿ ಇಡೀ ಕರ್ನಾಟಕದ ಕಾಂಡ್ಲಾ 13 ಚದರ ಕಿಲೋಮೀಟರ್, ಪಶ್ಚಿಮ ಬಂಗಾಳದ್ದು 2,114. ನಮ್ಮದು ಹೊಳೆಯಂಚಿನ ಕಿರುಪಟ್ಟಿಗಳ ಕಾಡು, ಇರುವ ಜಾಗವೇ ಚಿಕ್ಕದು. ಇಂಥ ಕಡೆ ನಿಂತ ಒಂದು ಹೆಕ್ಟೇರ್ ಹಳೆಯ ಕಾಡನ್ನು ಉಳಿಸುವುದು ಹೊಸ ಹೆಕ್ಟೇರ್ ನೆಡುವುದಕ್ಕಿಂತ ಬೆಲೆಬಾಳುತ್ತದೆ. ಇಂಗಾಲದ ಬಹುಪಾಲು ಇರುವುದು ಮರದಲ್ಲಲ್ಲ, ಕೆಳಗಿನ ಕೆಸರಲ್ಲಿ. ಅದು ಕೂಡಿಬರಲು ಶತಮಾನಗಳೇ ಬೇಕು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ, ರಸ್ತೆಗೆಂದು ಹಾಳಾದ ಕಾಂಡ್ಲಾಕ್ಕೆ ಮೂರು ಪಟ್ಟು ಬೇರೆಡೆ ನೆಡಿ ಎನ್ನುತ್ತದೆ. ಬೇರೆಡೆ ಎಂದರೆ ಎಲ್ಲಿ ಎಂದು ಸಭೆಯಲ್ಲಿ ಕೇಳಿ. ಮತ್ತೆ ಅದೇ ಬಳಚಿನ ದಿಬ್ಬವನ್ನೇ ತೋರಿಸುತ್ತಾರೆ.

ನರ್ಸರಿಮನೆ

ಆಯ್ಕೆ ಒಡ್ಡಿನ ಹೊರಮೈ ಎಂದಾದರೆ ಲೆಕ್ಕ ಹೀಗಿಡಿ. ಒಡ್ಡಿನುದ್ದಕ್ಕೆ ಮೂರು ಸಾಲು, ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್, ಸಾಲಿನೊಳಗೆ ಒಂದು ಮೀಟರ್. ನೂರು ಮೀಟರ್ ಒಡ್ಡಿಗೆ ಮುನ್ನೂರು ಗಿಡ. ಹೊಳೆ ಕಡೆಯ ಎರಡು ಸಾಲು ರೈಜೋಫೋರಾ, ಒಡ್ಡಿನ ಕಡೆ ಉಪ್ಪಟಿ ಮತ್ತು ಕಾಂಡೇಲಿಯಾ ಬೆರೆಸಿ. ಸತ್ತದ್ದಕ್ಕೆ ಬದಲು ನೆಡಲು ಚೀಲದಲ್ಲಿ ಅರುವತ್ತು ಗಿಡ ಬೇರೆ ಇರಲಿ. ಜಂತ್ರಡಿಯ ಬಾಯಿಯ ಎರಡೂ ಬದಿ ಐದೈದು ಮೀಟರ್ ಖಾಲಿ ಬಿಡಿ. ಬೇರು ಅಲ್ಲಿಗೆ ಬಂದರೆ ಹಲಗೆ ಏಳುವುದಿಲ್ಲ, ನೀರು ಹೋಗುವ ದಾರಿಯೂ ಕಟ್ಟುತ್ತದೆ. ದೋಣಿ ಹತ್ತಿಸುವ ಜಾಗವನ್ನೂ ಮೊದಲೇ ಕೇಳಿ ಗುರುತು ಮಾಡಿ.

ಗಜನಿಕಟ್ಟೆ

ಲೆಕ್ಕ ಇಡುವಾಗ ಆರನೇ ತಿಂಗಳಿಗೆ ಎಣಿಸಿ ಶೇಕಡಾವಾರು ಬರೆಯಬೇಡಿ. ಆಗ ಕೋಡಿನೊಳಗಿನ ಸಂಗ್ರಹದಲ್ಲೇ ಗಿಡ ಹಸಿರಾಗಿರುತ್ತದೆ. ಹತ್ತು ಮೀಟರ್ ಉದ್ದದ ನಾಲ್ಕು ತುಂಡುಗಳಿಗೆ ಗೂಟ ಹೊಡೆದು ಗುರುತಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ಅದೇ ತುಂಡುಗಳಲ್ಲಿ ನೆಟ್ಟದ್ದು ಎಷ್ಟು, ತಾನಾಗಿ ಬಂದದ್ದು ಎಷ್ಟು ಎಂದು ಬೇರೆ ಬೇರೆ ಎಣಿಸಿ. ಮೂರನೇ ನವೆಂಬರ್‌ನಲ್ಲಿ ತಾನಾಗಿ ಬಂದದ್ದು ನೆಟ್ಟದ್ದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಮತ್ತೆ ನೆಡುವ ಅಗತ್ಯವಿಲ್ಲ, ಆ ಹಣ ಜಂತ್ರಡಿಯ ಹಲಗೆಗೆ ಹೋಗಲಿ.